ರೆಡ್ ರಿವರ್: ಧಣಿ ಡನ್ಸನ್ ದನ ಹೊಡೆದ ದಾರಿಯಲ್ಲಿ ಏಳು ದಿನ

ಹೊವರ್ಡ್ ಹಾಕ್ಸ್ ‘ರೆಡ್ ರಿವರ್’ ಚಿತ್ರೀಕರಿಸಿದ್ದು 1946ರಲ್ಲಿ, ಅದು ತೆರೆಗೆ ಬಂದದ್ದು 1948ರಲ್ಲಿ. ಕತೆಯಲ್ಲಿ ಅಮೆರಿಕದ ಅಂತರ್ಯುದ್ಧ ಮುಗಿದಿದೆ, ಟೆಕ್ಸಸ್‌ನಲ್ಲಿ ದನ ಕೊಳ್ಳುವವರಿಲ್ಲ. ಧಣಿ ಟಾಮ್ ಡನ್ಸನ್ ಒಂಬತ್ತು–ಹತ್ತು ಸಾವಿರ ದನ ಹೊಡೆದುಕೊಂಡು ಮಿಸೌರಿಗೆ ಹೊರಡುತ್ತಾನೆ. ನಡುವೆ ಬಿಟ್ಟುಹೋಗುವುದಿಲ್ಲವೆಂದು ಆಳುಗಳ ಕೈಲಿ ಸಹಿ ಹಾಕಿಸಿಕೊಳ್ಳುತ್ತಾನೆ. ಬಿಟ್ಟುಹೋಗಲು ನೋಡಿದವರ ಮೇಲೆ ಬಂದೂಕು ಎತ್ತುತ್ತಾನೆ. ಕೊನೆಗೆ ಅವನೇ ಸಾಕಿ ಬೆಳೆಸಿದ ಹುಡುಗ ಮ್ಯಾಟ್ ಗಾರ್ತ್ ತಿರುಗಿಬಿದ್ದು, ಹಿಂಡನ್ನು ಕಿತ್ತುಕೊಂಡು ಕ್ಯಾನ್ಸಸ್‌ನ ಆಬಿಲೀನ್ ಕಡೆಗೆ ಹೊರಳಿಸುತ್ತಾನೆ. ಡನ್ಸನ್ ಆಗಿ ಜಾನ್ ವೇನ್, ಮ್ಯಾಟ್ ಆಗಿ ಮಾಂಟ್ಗೊಮರಿ ಕ್ಲಿಫ್ಟ್.

ಈ ಸಿನಿಮಾದ ಜಾಡು ಹಿಡಿದು ಹೊರಡುವವರಿಗೆ ಎರಡು ಊರುಗಳ ಲೆಕ್ಕ ಬೇಕು. ಕತೆ ನಡೆಯುವುದು ಟೆಕ್ಸಸ್, ಒಕ್ಲಹೋಮ, ಕ್ಯಾನ್ಸಸ್‌ಗಳಲ್ಲಿ. ಕ್ಯಾಮೆರಾ ಓಡಿದ್ದು ಬಹುಪಾಲು ಆಗ್ನೇಯ ಅರಿಜೋನದಲ್ಲಿ. ಎರಡನ್ನೂ ಒಂದೇ ಪ್ರವಾಸದಲ್ಲಿ ನೋಡಿದರೆ ಡನ್ಸನ್‌ನ ನಿಷ್ಠುರತೆ ಬೇರೆಯಾಗಿಯೇ ಕಾಣುತ್ತದೆ. ಸಿನಿಮಾ ಅದನ್ನು ಅವನ ಸ್ವಭಾವ ಎಂದು ತೋರಿಸುತ್ತದೆ. ದಾರಿ ಮಾತ್ರ ಅದರಲ್ಲಿ ಅರ್ಧ ಸ್ವಭಾವ, ಅರ್ಧ ತಪ್ಪು ಲೆಕ್ಕ ಎನ್ನುತ್ತದೆ.

ಹೊರಡುವ ಮುಂಚೆ ಚಿತ್ರ ಇನ್ನೊಮ್ಮೆ ನೋಡಿಕೊಳ್ಳಿ. ಎರಡು ಪ್ರತಿಗಳು ಚಲಾವಣೆಯಲ್ಲಿವೆ. ಹಳೆಯ ಪುಸ್ತಕದ ಹಾಳೆಗಳು ಮಗುಚುತ್ತಾ ಕತೆ ಸಾಗುವ ಪ್ರತಿ 133 ನಿಮಿಷದ್ದು. ಅಡುಗೆಯವ ಗ್ರೂಟ್ ಪಾತ್ರದ ವಾಲ್ಟರ್ ಬ್ರೆನನ್ ದನಿಯಲ್ಲಿ ನಿರೂಪಣೆ ಇರುವುದು 127 ನಿಮಿಷ. ಜಾಗ ಗುರುತಿಸಲು ಉದ್ದನೆಯದೇ ವಾಸಿ. ಋತು ಅಂದರೆ ಅಕ್ಟೋಬರ್. ಏಪ್ರಿಲ್‌ನಿಂದ ಜೂನ್‌ವರೆಗೆ ಒಕ್ಲಹೋಮ, ಕ್ಯಾನ್ಸಸ್‌ಗಳಲ್ಲಿ ಸುಂಟರಗಾಳಿಯ ಕಾಲ. ಜುಲೈ–ಆಗಸ್ಟ್‌ನಲ್ಲಿ ಅರಿಜೋನದ ಮಳೆಗಾಲ, ಒಣ ಹಳ್ಳಗಳು ಅರ್ಧ ಗಂಟೆಯಲ್ಲಿ ತುಂಬಿ ಹರಿಯುತ್ತವೆ. ಭಾರತದ ಲೈಸೆನ್ಸ್ ಇದ್ದವರು ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಇಟ್ಟುಕೊಂಡರೆ ಬಾಡಿಗೆ ಕಾರಿನ ಕೌಂಟರಿನಲ್ಲಿ ವಾದ ತಪ್ಪುತ್ತದೆ.

ಮೊದಲ ದಿನ: ಟೂಸಾನ್, ಎಂಪೈರ್ ರ‍್ಯಾಂಚ್, ಎಲ್ಜಿನ್

ಟೂಸಾನ್‌ನಿಂದ ಐ–10 ಹೆದ್ದಾರಿಯಲ್ಲಿ ಪೂರ್ವಕ್ಕೆ ಹೊರಟು, 281ನೇ ಎಕ್ಸಿಟ್‌ನಲ್ಲಿ ಇಳಿದು ರಾಜ್ಯ ಹೆದ್ದಾರಿ 83 ಹಿಡಿದರೆ ದಾರಿ ದಕ್ಷಿಣಕ್ಕೆ ಏರುತ್ತದೆ. ಕಳ್ಳಿಗಿಡಗಳು ಹಿಂದೆ ಬಿದ್ದು, ನಲವತ್ತು ನಿಮಿಷದೊಳಗೆ ಮೊಣಕಾಲೆತ್ತರದ ಹುಲ್ಲುಗಾವಲು. ಎತ್ತರ ಸುಮಾರು 1,400 ಮೀಟರ್. ಹಗಲು ಬಿಸಿಲಿದ್ದರೂ ಸಂಜೆಗೆ ಸ್ವೆಟರ್ ಬೇಕು. 39 ಮತ್ತು 40ನೇ ಮೈಲಿಗಲ್ಲುಗಳ ನಡುವೆ ಎಡಕ್ಕೆ ಎಂಪೈರ್ ರ‍್ಯಾಂಚ್ ಫಲಕ. ಅಲ್ಲಿಂದ ಸುಮಾರು ಮೂರು ಮೈಲಿ ಒಳಗೆ.

ದನ ಸಾಕುವ ಈ ದೊಡ್ಡ ಜಮೀನು ಈಗ ಲಾಸ್ ಸಿಯೆನೆಗಾಸ್ ಎಂಬ 42,000 ಎಕರೆಯ ಸಂರಕ್ಷಿತ ಪ್ರದೇಶ, 2000ನೇ ಇಸವಿಯಿಂದ. ಹಳೆಯ ಮನೆ 22 ಕೋಣೆಗಳದ್ದು, ಬಹುಭಾಗ ಬಿಸಿಲಿಗೆ ಒಣಗಿಸಿದ ಹಸಿ ಇಟ್ಟಿಗೆ. ವಾಲ್ಟರ್ ವೇಲ್ ಪಾಲುದಾರನ ಜೊತೆ 1876ರಲ್ಲಿ ಕೊಂಡಾಗ ಇದ್ದದ್ದು 160 ಎಕರೆ. ನಿಜದ ಧಣಿಗಳ ಗಟ್ಟಿತನ ಹೇಗಿತ್ತು ಎನ್ನಲು ಈ ಮನೆಯದೇ ಒಂದು ಪ್ರಸಂಗ ಸಾಕು. 1890ರಲ್ಲಿ ರೈಲ್ವೆ ಕಂಪನಿ ದನ ಸಾಗಣೆಯ ದರ ಏರಿಸಿತು. ವೇಲ್ ಕುಟುಂಬ ರೈಲು ಬೇಡವೆಂದು 900ಕ್ಕೂ ಹೆಚ್ಚು ದನಗಳನ್ನು ಕೊಲರಾಡೊ ನದಿ ದಾಟಿಸಿ, ಮರುಭೂಮಿಯಲ್ಲಿ ನಡೆಸಿಕೊಂಡೇ ಕ್ಯಾಲಿಫೋರ್ನಿಯಾ ಮುಟ್ಟಿಸಿತು. ಆಮೇಲೆ ಕಂಪನಿ ದರ ಇಳಿಸಿತು. ಬಂದೂಕು ಎತ್ತದೆ ಗೆದ್ದ ಹಟ ಇದು, ಸಿನಿಮಾಕ್ಕೆ ಒಗ್ಗದು.

‘ರೆಡ್ ರಿವರ್’ ಕ್ಯಾಮೆರಾ ಇಟ್ಟದ್ದು ಈ ಸುತ್ತಿನ ಹುಲ್ಲುಗಾವಲಿನಲ್ಲಿ, ಮುಖ್ಯವಾಗಿ ಎಲ್ಜಿನ್ ಹತ್ತಿರದ ರೇನ್ ವ್ಯಾಲಿ ಬಯಲಿನಲ್ಲಿ. ಅಲ್ಲಿ ಬಹಳಷ್ಟು ಈಗಲೂ ಖಾಸಗಿ ಜಮೀನು, ತಂತಿಬೇಲಿ ದಾಟಬೇಡಿ. ಎಲ್ಜಿನ್ ರಸ್ತೆಯಿಂದಲೇ ನೋಡಿದರೆ ಸಾಕು. ಚಿತ್ರದ ಅತಿ ಪ್ರಸಿದ್ಧ ದೃಶ್ಯ ನೆನಪಿಸಿಕೊಳ್ಳಿ: ಮುಂಜಾವು, ಕುದುರೆ ಮೇಲೆ ಡನ್ಸನ್, ಅವನಿಂದ ಹೊರಟ ಕ್ಯಾಮೆರಾ ನಿಧಾನವಾಗಿ ಸುತ್ತ ತಿರುಗಿ ಮಲಗಿರುವ ಮಂಜಿನಂಥ ಧೂಳಿನಲ್ಲಿ ನಿಂತ ಇಡೀ ಹಿಂಡನ್ನು ತೋರಿಸಿ ಮತ್ತೆ ಅವನ ಬಳಿಗೇ ಬರುತ್ತದೆ. ಅವನು ‘ಮಿಸೌರಿಗೆ ಹೊಡಿ’ ಎನ್ನುವವರೆಗೆ ಒಬ್ಬನೂ ಉಸಿರೆತ್ತುವುದಿಲ್ಲ. ಆಮೇಲೆ ಒಬ್ಬೊಬ್ಬರ ಮುಖವೂ ತೆರೆ ತುಂಬಿ ಕೂಗುತ್ತದೆ. ಆ ಕೂಗಿನ ಮುಂಚಿನ ಮೌನದಲ್ಲಿ ಛಾಯಾಗ್ರಾಹಕ ರಸೆಲ್ ಹಾರ್ಲನ್ ಮಾಡಿದ ಕೆಲಸ ಏನೆಂದು ಇಲ್ಲಿ ನಿಂತರೆ ಗೊತ್ತಾಗುತ್ತದೆ: ಸುತ್ತಲೂ ಬೆಟ್ಟ ಇರುವ ಬಟ್ಟಲಿನಂಥ ಬಯಲಾದ್ದರಿಂದ ಹಿಂಡಿಗೆ ಒಂದು ಅಂಚು ಸಿಕ್ಕಿದೆ. ಪೂರ್ವಕ್ಕೆ ವೆಟ್‌ಸ್ಟೋನ್, ಪಶ್ಚಿಮಕ್ಕೆ ಸಾಂಟಾ ರೀಟಾ, ದಕ್ಷಿಣಕ್ಕೆ ವಾಚುಕಾ ಬೆಟ್ಟಸಾಲು. ನಿಜದ ದನದ ದಾರಿಯಲ್ಲಿ ಇಂಥ ಬೆಟ್ಟ ಹುಡುಕಿದರೂ ಸಿಗದು. ಚಿತ್ರದಲ್ಲಿ ‘ಟೆಕ್ಸಸ್’ ಹಿಂದೆ ನೀಲಿ ಬೆಟ್ಟದ ಗೆರೆ ಕಂಡಾಗಲೆಲ್ಲ ಅದು ಅರಿಜೋನ ಎಂದು ಗುರುತು ಹಾಕಿಕೊಳ್ಳಬಹುದು. ಇನ್ನು ರಾತ್ರಿ ಬೆಂಕಿ ಮುಂದಿನ ಮಾತುಕತೆಗಳಲ್ಲಿ ಹಲವು ಸ್ಟುಡಿಯೊ ಒಳಗಿನವು. ಆ ಆಕಾಶದಲ್ಲಿ ಗಾಳಿಯೇ ಇಲ್ಲ.

ಪೆಟ್ರೋಲು ಸೊನೋಯ್ಟಾ ಕೂಡುರಸ್ತೆಯಲ್ಲಿ ಸಿಗುತ್ತದೆ. ರ‍್ಯಾಂಚ್ ಒಳಗೆ ಏನೂ ಇಲ್ಲ, ನೀರು ಕಾರಿನಲ್ಲೇ ಇರಲಿ. ಮೆಕ್ಸಿಕೊ ಗಡಿ ಹತ್ತಿರವಾದ್ದರಿಂದ ಉತ್ತರಕ್ಕೆ ವಾಪಸ್ ಬರುವಾಗ ಗಡಿ ಪೊಲೀಸರ ತಪಾಸಣೆ ಇರುತ್ತದೆ. ಪಾಸ್‌ಪೋರ್ಟ್ ಹೋಟೆಲಿನ ಕಪಾಟಿನಲ್ಲಿ ಬಿಟ್ಟು ಬಂದವರ ಸಂಜೆ ಅಲ್ಲೇ ಕಳೆಯುತ್ತದೆ. ರಾತ್ರಿ ತಂಗಲು ಸೊನೋಯ್ಟಾ ಅಥವಾ ಸಿಯೆರಾ ವಿಸ್ಟಾ.

ಎರಡನೇ ದಿನ: ನದಿಯ ವೇಷ ಹಾಕಿದ ತೊರೆ

ಸೊನೋಯ್ಟಾದಿಂದ ಹೆದ್ದಾರಿ 82ರಲ್ಲಿ ಪೂರ್ವಕ್ಕೆ ಐವತ್ತು ಕಿಲೋಮೀಟರ್ ಹೋದರೆ ಫೇರ್‌ಬ್ಯಾಂಕ್. ರೈಲು ಬರುತ್ತಿದ್ದ ಕಾಲದಲ್ಲಿ ಊರಾಗಿತ್ತು, ಈಗ ಪಾಳು. ಹಳೆಯ ಶಾಲೆಯ ಕಟ್ಟಡ ಮಾತ್ರ ಅಚ್ಚುಕಟ್ಟಾಗಿದೆ. ಅದರ ಪಕ್ಕದಲ್ಲೇ ಸ್ಯಾನ್ ಪೆಡ್ರೊ ಹರಿಯುತ್ತದೆ, ಮೆಕ್ಸಿಕೊದಲ್ಲಿ ಹುಟ್ಟಿ ಉತ್ತರಕ್ಕೆ. ಚಿತ್ರದ ರೆಡ್ ನದಿ ಇದೇ.

ಅಕ್ಟೋಬರಿನಲ್ಲಿ ದಡಕ್ಕೆ ಇಳಿದವರಿಗೆ ನಗು ಬರಬಹುದು. ಹಲವು ಕಡೆ ನೀರು ಪಾದ ಮುಳುಗುವಷ್ಟೇ; ಎರಡು ನೆಗೆತಕ್ಕೆ ಆಚೆ ದಡ. ಸಾವಿರಾರು ದನ ಈಜಿ ದಾಟುವುದನ್ನು ತೋರಿಸಲು ಹಾಕ್ಸ್ ತಂಡ ತಾತ್ಕಾಲಿಕ ಒಡ್ಡುಗಳನ್ನು ಕಟ್ಟಿ ನೀರು ನಿಲ್ಲಿಸಬೇಕಾಯಿತು. ಅದು ತಿಳಿದ ಮೇಲೆ ಆ ದೃಶ್ಯ ಇನ್ನೊಮ್ಮೆ ನೋಡಿ: ದನಗಳ ಕುತ್ತಿಗೆವರೆಗೆ ನೀರಿದೆ, ಸೆಳವು ಮಾತ್ರ ಇಲ್ಲ. ಹಿಂಡು ನೇರಗೆರೆ ಎಳೆದ ಹಾಗೆ ದಾಟುತ್ತದೆ. ಹರಿಯುವ ನೀರಿನಲ್ಲಿ ಹಿಂಡು ಕೆಳಕ್ಕೆ ಬಾಗಿ, ಬಿಲ್ಲಿನಂತೆ ಆಗಿ, ಇಳಿದ ಜಾಗಕ್ಕಿಂತ ಎಷ್ಟೋ ಕೆಳಗೆ ಹೋಗಿ ದಡ ಹತ್ತುತ್ತದೆ. ಕ್ಯಾಮೆರಾವನ್ನು ಬಂಡಿಯೊಳಗೇ ಇಟ್ಟು, ಮುಸುಕಿನ ಕಮಾನಿನಿಂದ ದನಗಳ ಬೆನ್ನು ತೋರಿಸುವ ಚಿತ್ರಿಕೆ ಮಾತ್ರ ಇವತ್ತಿಗೂ ಮೈ ಜುಮ್ಮೆನಿಸುತ್ತದೆ.

1988ರಿಂದ ಇಲ್ಲಿ ನದಿಯ ಎರಡೂ ಬದಿ ಸಂರಕ್ಷಿತ. ಸಿಯೆರಾ ವಿಸ್ಟಾದಿಂದ ಹೆದ್ದಾರಿ 90ರಲ್ಲಿ ಬಂದರೆ ಸ್ಯಾನ್ ಪೆಡ್ರೊ ಹೌಸ್ ಎಂಬ ಹಳೆಯ ತೋಟದ ಮನೆಯಿಂದ ಕಾಲುದಾರಿಗಳು ಹೊರಡುತ್ತವೆ. ಹಕ್ಕಿ ನೋಡುವವರಿಗೆ ಅರ್ಧ ದಿನವೂ ಸಾಲದು. ಹಾವಿನ ಹೆದರಿಕೆ ನಿಜ: ಅಕ್ಟೋಬರಿನಲ್ಲೂ ಗಿಲಕಿ ಹಾವು ಓಡಾಡುತ್ತದೆ, ಹುಲ್ಲಿನಲ್ಲಿ ಚಪ್ಪಲಿ ಬೇಡ. ಹತ್ತಿರದ ಟೂಂಬ್‌ಸ್ಟೋನ್ ನಾಟಕದ ಊರು. ಗುಂಡು ಹಾರಿಸುವ ಆಟ ನೋಡುವ ಆಸೆ ಇದ್ದರೆ ಒಂದು ಗಂಟೆ ಕೊಡಿ. ಬೆನ್ಸನ್ ಮೂಲಕ ಸಂಜೆಗೆ ಟೂಸಾನ್.

ಮೂರನೇ ದಿನ: ಫೋರ್ಟ್ ವರ್ತ್

ಟೂಸಾನ್‌ನಿಂದ ಇಲ್ಲಿಗೆ ರಸ್ತೆಯಲ್ಲಿ ಸುಮಾರು 1,500 ಕಿಲೋಮೀಟರ್. ವಿಮಾನವೇ ಸರಿ, ಎರಡು ಗಂಟೆಯ ಹಾರಾಟ. ಅರಿಜೋನ ಬೇಸಿಗೆಯಲ್ಲಿ ಗಡಿಯಾರ ಮುಂದೆ ತಿರುಗಿಸುವುದಿಲ್ಲವಾದ್ದರಿಂದ ಅಕ್ಟೋಬರಿನಲ್ಲಿ ಟೆಕ್ಸಸ್ ಎರಡು ಗಂಟೆ ಮುಂದಿರುತ್ತದೆ. ಬೆಳಗಿನ ಮೊದಲ ವಿಮಾನ ಹಿಡಿದರೆ ಮಾತ್ರ ಸಂಜೆ ನಾಲ್ಕಕ್ಕೆ ಸ್ಟಾಕ್‌ಯಾರ್ಡ್ಸ್ ತಲುಪಬಹುದು.

ಎಕ್ಸ್‌ಚೇಂಜ್ ಅವೆನ್ಯೂದಲ್ಲಿ ದಿನಾ ಬೆಳಿಗ್ಗೆ 11:30ಕ್ಕೆ ಮತ್ತು ಸಂಜೆ 4ಕ್ಕೆ ಉದ್ದಕೊಂಬಿನ ದನಗಳ ಸಣ್ಣ ಹಿಂಡೊಂದನ್ನು ಇಟ್ಟಿಗೆ ಬೀದಿಯಲ್ಲಿ ನಡೆಸುತ್ತಾರೆ. ಕಾಲು ಗಂಟೆ ಮುಂಚೆ ಹೋಗಿ ನೆರಳಿರುವ ಬದಿಯಲ್ಲಿ ನಿಂತುಕೊಳ್ಳಿ. ಕೊಂಬು ನೋಡಿದ್ದಾಯಿತು ಎಂದು ತಿರುಗಬೇಡಿ. ಸವಾರರು ಎಲ್ಲೆಲ್ಲಿ ಇದ್ದಾರೆ ನೋಡಿ. ಮುಂದಿನ ಎರಡೂ ಮೂಲೆಗೆ ಅನುಭವಿಗಳು, ಪಕ್ಕಗಳಲ್ಲಿ ಹಿಂಡು ಅಗಲವಾಗದಂತೆ ಕಾಯುವವರು, ಕೊನೆಗೆ ಕುಂಟುವ, ಸೋಮಾರಿ ದನಗಳನ್ನು ತಳ್ಳುವವರು. ನಿಜದ ದಾರಿಯಲ್ಲೂ ಇದೇ ವ್ಯವಸ್ಥೆ. ಕೊನೆಯ ಜಾಗ ಹೊಸಬರಿಗೆ, ಏಕೆಂದರೆ ಇಡೀ ಹಿಂಡಿನ ಧೂಳು ಕುಡಿಯುವುದು ಅವರೇ.

ಸಾಮಾನ್ಯವಾಗಿ ಒಂದು ಹಿಂಡು ಎಂದರೆ 2,500 ದನ. ಅದಕ್ಕೆ ಹತ್ತು–ಹನ್ನೆರಡು ಮಂದಿ, ಒಬ್ಬ ಮುಖ್ಯಸ್ಥ, ಒಬ್ಬ ಅಡುಗೆಯವ, ಬದಲಿ ಕುದುರೆಗಳನ್ನು ಕಾಯುವ ಒಬ್ಬ ಹುಡುಗ. ಆಳಿಗೆ ತಿಂಗಳಿಗೆ 30–40 ಡಾಲರ್. ಮುಖ್ಯಸ್ಥನಿಗೆ ನೂರರ ಮೇಲೆ. ದಿನಕ್ಕೆ 10–15 ಮೈಲಿ, ಅದಕ್ಕಿಂತ ಹೆಚ್ಚಲ್ಲ. ಹೆಚ್ಚು ಓಡಿಸಿದರೆ ದನ ಮೇಯುವುದಿಲ್ಲ; ಮೇಯದ ದನ ಇಳಿಯುತ್ತದೆ, ಇಳಿದದ್ದಕ್ಕೆ ಬೆಲೆ ಇಲ್ಲ. ಡನ್ಸನ್ ಹೊರಟದ್ದು ಇದರ ನಾಲ್ಕು ಪಟ್ಟು ಹಿಂಡಿನೊಂದಿಗೆ. ತಿಳಿದವರು ಅದನ್ನು ನಾಲ್ಕಾಗಿ ಒಡೆದು, ಒಂದೊಂದು ದಿನದ ಅಂತರದಲ್ಲಿ ಕಳಿಸುತ್ತಿದ್ದರು. ಹತ್ತು ಸಾವಿರ ದನ ಒಟ್ಟಿಗೆ ನೀರಿಗೆ ಇಳಿದರೆ ಹಿಂದಿನವಕ್ಕೆ ಸಿಗುವುದು ಕೆಸರು; ಮುಂದಿನವು ತುಳಿದ ಹುಲ್ಲನ್ನು ಹಿಂದಿನವು ಮೂಸಿಯೂ ನೋಡವು. ರಾತ್ರಿ ಕಾವಲಿಗೆ ಎರಡೆರಡು ಗಂಟೆಯ ಪಾಳಿ. ಹಿಂಡು ದೊಡ್ಡದಾದಷ್ಟೂ ಪಾಳಿ ಹೆಚ್ಚು, ನಿದ್ದೆ ಕಡಿಮೆ. ಡನ್ಸನ್‌ನ ಆಳುಗಳು ಸಿಡುಕುವುದಕ್ಕೆ ಅವನ ಬಾಯಿಗಿಂತ ಮೊದಲು ಈ ಅಂಕಿಯೇ ಕಾರಣ.

ಇನ್ನೊಂದು ಲೆಕ್ಕವೂ ಇಲ್ಲೇ ಮುಗಿಸೋಣ. ಚಿತ್ರದಲ್ಲಿ 1851ರಲ್ಲಿ ಡನ್ಸನ್ ಬಳಿ ಒಂದು ಗೂಳಿ, ಹುಡುಗ ಮ್ಯಾಟ್ ಬಳಿ ಒಂದು ಹಸು. ಹದಿನಾಲ್ಕು ವರ್ಷಕ್ಕೆ ಸಾವಿರಾರು ದನ. ವರ್ಷಕ್ಕೊಂದು ಕರು, ಅರ್ಧ ಹೆಣ್ಣು, ಎರಡೋ ಮೂರೋ ವರ್ಷಕ್ಕೆ ಕಡಸು ಗಬ್ಬ ಎಂದು ಹಿಡಿದು, ಒಂದೂ ಸಾಯಲಿಲ್ಲ ಎಂದುಕೊಂಡರೂ ಇನ್ನೂರು ದಾಟುವುದು ಕಷ್ಟ. ಮಿಕ್ಕವು ಬಂದದ್ದು ಟೆಕ್ಸಸ್‌ನ ಎಲ್ಲ ದೊಡ್ಡ ಧಣಿಗಳಿಗೆ ಬಂದ ಹಾಗೆಯೇ: ಬಯಲಿನಲ್ಲಿ ಯಾರ ಮುದ್ರೆಯೂ ಇಲ್ಲದೆ ಅಲೆಯುತ್ತಿದ್ದ ದನಕ್ಕೆ ಮೊದಲು ಬರೆ ಹಾಕಿದವನೇ ಒಡೆಯ. ಪಕ್ಕದವರ ಮುದ್ರೆ ಇದ್ದ ದನಕ್ಕೂ ಡನ್ಸನ್ ತನ್ನ ಬರೆ ಎಳೆಸುವ ದೃಶ್ಯ ಚಿತ್ರದಲ್ಲೇ ಇದೆ. ಆ ಮುದ್ರೆ ಎಂದರೆ ನದಿಯ ಎರಡು ಅಲೆಗೆರೆ, ಪಕ್ಕದಲ್ಲಿ ‘ಡಿ’ ಅಕ್ಷರ.

ಊಟದ ಬಗ್ಗೆ ಒಂದು ಎಚ್ಚರಿಕೆ. ‘ಚಿಕನ್ ಫ್ರೈಡ್ ಸ್ಟೇಕ್’ ಎಂಬುದರಲ್ಲಿ ಕೋಳಿ ಇಲ್ಲ. ಅದು ಹಿಟ್ಟು ಸವರಿ ಕರಿದ ದನದ ಮಾಂಸ. ಸಸ್ಯಾಹಾರಿಗಳು ಹುರುಳಿಯಂಥ ಬೀನ್ಸ್ ಕಂಡು ಖುಷಿಪಡುವ ಮೊದಲು ಹಂದಿ ಕೊಬ್ಬು ಹಾಕಿದ್ದಾರೆಯೇ ಎಂದು ಕೇಳಿ, ಬಹುತೇಕ ಹಾಕಿರುತ್ತಾರೆ. ಒಕ್ಲಹೋಮ ದಾರಿಯಲ್ಲಿ ದೊಡ್ಡ ಊರುಗಳಿಲ್ಲದ್ದರಿಂದ ಅವಲಕ್ಕಿ, ಚಟ್ನಿಪುಡಿ ಡಿಕ್ಕಿಯಲ್ಲಿದ್ದರೆ ಚಿಂತೆ ಇಲ್ಲ.

ನಾಲ್ಕನೇ ದಿನ: ನಿಜವಾದ ರೆಡ್ ನದಿ

ಫೋರ್ಟ್ ವರ್ತ್‌ನಿಂದ ಹೆದ್ದಾರಿ 287ರಲ್ಲಿ ಡಿಕೇಟರ್ ದಾಟಿ ಬೋವಿ, ಅಲ್ಲಿಂದ ಯುಎಸ್ 81 ಉತ್ತರಕ್ಕೆ. ಇನ್ನು ಕ್ಯಾನ್ಸಸ್‌ವರೆಗೂ ಈ 81 ಬಿಡಬೇಕಾಗಿಲ್ಲ, ಐದನೇ ದಿನದ ಸುತ್ತೊಂದನ್ನು ಹೊರತುಪಡಿಸಿ. ಚಿಸಮ್ ಟ್ರೇಲ್ ಎಂಬ ಹಳೆಯ ದನದ ದಾರಿ ಇದರ ಆಚೀಚೆಯೇ ಸಾಗುತ್ತಿತ್ತು. ಡಂಕನ್‌ವರೆಗೆ 200 ಕಿಲೋಮೀಟರ್‌ಗಿಂತ ತುಸು ಹೆಚ್ಚು.

ಹಿಂಡುಗಳು ನದಿ ದಾಟುತ್ತಿದ್ದ ರೆಡ್ ರಿವರ್ ಸ್ಟೇಷನ್ ನೊಕೋನದ ವಾಯವ್ಯಕ್ಕೆ ಇತ್ತು. ಊರು ಅಳಿದಿದೆ, ಕಡವು ಇದ್ದ ಜಾಗ ಈಗ ಖಾಸಗಿ ಜಮೀನು. ನದಿ ನೋಡಲು ರಿಂಗೋಲ್ಡ್ ದಾಟಿದ ಮೇಲೆ ಸಿಗುವ ಯುಎಸ್ 81ರ ಸೇತುವೆಯೇ ಸರಿಯಾದ ಜಾಗ. ಸೇತುವೆ ಮೇಲೆ ಕಾರು ನಿಲ್ಲಿಸಬಾರದು. ಆಚೆ ಟೆರಲ್ ಊರಿನ ಕಡೆ ರಸ್ತೆಯಂಚು ಅಗಲವಾದಲ್ಲಿ ನಿಲ್ಲಿಸಿ.

ಅಗಲವಾದ ಮರಳು ಪಾತ್ರ, ಅದರಲ್ಲಿ ಇಟ್ಟಿಗೆಪುಡಿ ಕಲಸಿದ ಬಣ್ಣದ ನೀರಿನ ಕವಲುಗಳು. ಮೇಲಿನ ನೆಲದ ಕಬ್ಬಿಣ ತುಂಬಿದ ಕೆಂಪು ಜೇಡಿ ಈ ಬಣ್ಣ ಕೊಡುತ್ತದೆ. ನೋಡಲು ಸಾಧು. ಇದರ ಅಪಾಯ ಆಳದಲ್ಲಿಲ್ಲ, ತಳದಲ್ಲಿದೆ: ಮೇಲೆ ಗಟ್ಟಿಯಾಗಿ ಕಾಣುವ ಮರಳು ನಿಂತರೆ ಕಾಲನ್ನು ಒಳಗೆಳೆಯುತ್ತದೆ, ನಡೆಯುತ್ತಲೇ ಇದ್ದರೆ ಹೊರುತ್ತದೆ. ಹಾಗಾಗಿ ಹಿಂಡನ್ನು ನಡುನೀರಿನಲ್ಲಿ ನಿಲ್ಲಗೊಡಬಾರದು. ಅದಕ್ಕೆ ದನಗಾಹಿಗಳು ಮಾಡುತ್ತಿದ್ದುದು ಹೀಗೆ: ಹಿಂದಿನ ರಾತ್ರಿಯಿಂದಲೇ ನೀರು ತೋರಿಸದೆ ಬಾಯಾರಿಸಿ, ಸೂರ್ಯ ದನದ ಕಣ್ಣಿಗೆ ಹೊಡೆಯದ ಹೊತ್ತು ನೋಡಿ, ಮೊದಲು ಪಳಗಿದ ನಾಲ್ಕಾರು ಎತ್ತುಗಳನ್ನು ಇಳಿಸುವುದು. ಅವು ಆಚೆ ದಡ ಹತ್ತಿದರೆ ಉಳಿದವು ಹಿಂಬಾಲಿಸುತ್ತವೆ. ಕೆಡುವುದು ಒಂದೇ ಕಡೆ. ಮುಂದಿನ ದನ ಬೆದರಿ ಹಿಂತಿರುಗಿದರೆ ಹಿಂಡು ನೀರಿನಲ್ಲೇ ಗಾಣದಂತೆ ಸುತ್ತತೊಡಗುತ್ತದೆ. ನಡುವಿನವು ಒಂದರ ಮೇಲೊಂದು ಹತ್ತಿ ಮುಳುಗುತ್ತವೆ. ಕುದುರೆಯೊಂದಿಗೆ ಆ ಸುತ್ತಿನೊಳಗೆ ನುಗ್ಗಿ ಒಡೆಯಬೇಕು, ಪ್ರಾಣ ಹೋಗುತ್ತಿದ್ದುದು ಆಗಲೇ. ಮೇಲೆ ಮಳೆಯಾಗಿ ನದಿ ಏರಿದರೆ ದಿನಗಟ್ಟಲೆ ಕಾಯುವುದು ಬಿಟ್ಟು ಬೇರೆ ದಾರಿ ಇರಲಿಲ್ಲ.

ಚಿತ್ರದಲ್ಲಿ ದಂಗೆ ಏಳುವುದು ನದಿ ದಾಟಿದ ಮೇಲೆ. ಇದು ಬರವಣಿಗೆಯ ಜಾಣತನ ಮಾತ್ರವಲ್ಲ, ಭೂಗೋಳವೂ ಹೌದು. ರೆಡ್ ನದಿಯ ದಕ್ಷಿಣ ದಡಕ್ಕೆ ಟೆಕ್ಸಸ್ ಮುಗಿಯುತ್ತದೆ. ಆಚೆಗೆ ಆಗ ಇಂಡಿಯನ್ ಟೆರಿಟರಿ, ಅಮೆರಿಕದ ಮೂಲನಿವಾಸಿಗಳಿಗೆ ಬಿಟ್ಟಿದ್ದ ಸೀಮೆ. ಟೆಕ್ಸಸ್‌ನೊಳಗೆ ಡನ್ಸನ್ ಹೆಸರಿಗೆ ಅಂಜುವವರಿದ್ದರು, ಆಚೆ ದಡದಲ್ಲಿ ಅವನು ಇನ್ನೊಬ್ಬ ದನದವನಷ್ಟೇ. ಓಡಿಹೋದ ಇಬ್ಬರನ್ನು ಹಿಡಿದು ತಂದಾಗ ನೇಣು ಹಾಕುತ್ತೇನೆ ಎನ್ನುತ್ತಾನೆ, ಮ್ಯಾಟ್ ಅದಕ್ಕೆ ‘ಇಲ್ಲ’ ಎನ್ನುತ್ತಾನೆ. ಚಿತ್ರಕ್ಕೆ ಆಧಾರವಾದ ಬೋರ್ಡನ್ ಚೇಸ್ ಕತೆಯಲ್ಲಿ ಈ ನದಿಗೆ ಇನ್ನೂ ದೊಡ್ಡ ಕೆಲಸವಿದೆ: ಗಾಯಗೊಂಡ ಡನ್ಸನ್‌ನನ್ನು ವಾಪಸ್ ಕರೆತರುತ್ತಾರೆ, ನದಿ ದಾಟಿ ಟೆಕ್ಸಸ್ ನೆಲ ಮುಟ್ಟಿದ ಮೇಲೆ ಅವನ ಜೀವ ಹೋಗುತ್ತದೆ. ಹಾಕ್ಸ್ ಆ ಅಂತ್ಯವನ್ನು ಕೈಬಿಟ್ಟು, ಆಬಿಲೀನ್‌ನಲ್ಲಿ ತಂದೆ–ಮಗನ ಹೊಡೆದಾಟವನ್ನು ಒಬ್ಬಳು ಹುಡುಗಿ ಬೈದು ನಿಲ್ಲಿಸುವಂತೆ ಮಾಡಿದರು. ಎರಡು ಗಂಟೆ ಕಟ್ಟಿದ ಬಿಗಿ ಎರಡು ನಿಮಿಷದಲ್ಲಿ ಸಡಿಲವಾಗುತ್ತದೆ ಎಂಬ ದೂರು ಹಳೆಯದು, ನ್ಯಾಯವಾದದ್ದೂ ಹೌದು.

ವೌರಿಕಾ ದಾಟಿ ಆಡಿಂಗ್ಟನ್ ಬಳಿ ಮಾನ್ಯುಮೆಂಟ್ ಹಿಲ್. ದನಗಾಹಿಗಳು ಗುರುತಿಗಾಗಿ ಕಲ್ಲು ಪೇರಿಸುತ್ತಿದ್ದ ದಿಬ್ಬ ಇದು. ಬಯಲಿನಲ್ಲಿ ಮೈಲಿಗಟ್ಟಲೆ ದೂರದಿಂದ ಕಾಣುತ್ತಿತ್ತು. ಡಂಕನ್‌ನ ಚಿಸಮ್ ಟ್ರೇಲ್ ಹೆರಿಟೇಜ್ ಸೆಂಟರ್ ಹೊರಗೆ ಹಿಂಡು, ಸವಾರರು, ಅಡುಗೆ ಬಂಡಿಯ ಕಂಚಿನ ಸಾಲು ಇದೆ. ಬಂಡಿ ಹತ್ತಿರ ಹೋಗಿ ನೋಡಿ. ಚಾರ್ಲ್ಸ್ ಗುಡ್‌ನೈಟ್ 1866ರಲ್ಲಿ ಸೇನೆಯ ಬಂಡಿಯ ಹಿಂಬದಿಗೆ ಖಾನೆಗಳ ಪೆಟ್ಟಿಗೆ ಕೂರಿಸಿ ಮಾಡಿದ್ದು ಈ ನಮೂನೆ. ಹಲಗೆ ಕೆಳಗೆ ಬಿಟ್ಟರೆ ಅದೇ ಮೇಜು. ಖಾನೆಗಳಲ್ಲಿ ಕಾಫಿ, ಬೀನ್ಸ್, ಹುಳಿಹಿಟ್ಟು, ಉಪ್ಪು ಹಾಕಿದ ಹಂದಿಮಾಂಸ, ಸಕ್ಕರೆ, ಜೊತೆಗೆ ಸೂಜಿದಾರ, ಮುಲಾಮು. ರಾತ್ರಿ ಅಡುಗೆಯವ ಬಂಡಿಯ ಮೂಕಿಯನ್ನು ಧ್ರುವ ನಕ್ಷತ್ರದ ಕಡೆಗೆ ತಿರುಗಿಸಿ ಇಡುತ್ತಿದ್ದ; ಮೋಡ ಕವಿದ ಬೆಳಿಗ್ಗೆಯೂ ಉತ್ತರ ಎತ್ತ ಎಂದು ಗೊತ್ತಾಗಲಿ ಎಂದು.

ಚಿತ್ರದಲ್ಲಿ ಹಿಂಡು ದಿಕ್ಕೆಟ್ಟು ಓಡುವುದಕ್ಕೆ ಕಾರಣ ಸಕ್ಕರೆ ಕದಿಯಲು ಹೋದ ಒಬ್ಬ ಬೀಳಿಸಿದ ಪಾತ್ರೆಗಳು. ಉತ್ಪ್ರೇಕ್ಷೆಯಲ್ಲ. ಗುಡುಗುವ ಮುಂಚಿನ ರಾತ್ರಿಯಲ್ಲಿ ದನ ಬೆದರಲು ಬೆಂಕಿಕಡ್ಡಿ ಗೀರಿದ ಸದ್ದೂ ಸಾಕು. ಅಂಥ ಓಟವನ್ನು ಎದುರು ನಿಂತು ತಡೆಯಲಾಗದು. ಮುಂದಿನ ದನಗಳ ಪಕ್ಕಕ್ಕೆ ಕುದುರೆ ಓಡಿಸಿ, ಸಾಮಾನ್ಯವಾಗಿ ಬಲಕ್ಕೆ, ಒತ್ತುತ್ತಾ ಒತ್ತುತ್ತಾ ಸುತ್ತಿಗೆ ತರಬೇಕು. ನೀರಿನಲ್ಲಿ ಕೊಲ್ಲುವ ಅದೇ ಸುತ್ತು ನೆಲದ ಮೇಲೆ ಹಿಂಡನ್ನು ಉಳಿಸುತ್ತದೆ. ಆ ಓಟದಲ್ಲಿ ಡನ್ಸನ್ ಕಳೆದುಕೊಂಡದ್ದು ಒಬ್ಬ ಹುಡುಗನನ್ನು, ನೂರಾರು ದನಗಳನ್ನು ಮತ್ತು ಒಂದು ಅಡುಗೆ ಬಂಡಿಯನ್ನು. ಬಂಡಿ ಹೋದ ಮೇಲೆ ಬರೀ ಮಾಂಸ, ಕಾಫಿಯೂ ಇಲ್ಲ. ಆಳುಗಳ ಮನಸ್ಸು ಮುರಿದದ್ದು ಚಾಟಿಯಿಂದ ಅಲ್ಲ, ಇದರಿಂದ. ಅಂಥ ಹೊತ್ತಿನಲ್ಲಿ ತಿಳಿವಳಿಕೆಯ ಮುಖ್ಯಸ್ಥ ಹತ್ತಿರದ ಅಂಗಡಿಗೆ ಒಬ್ಬನನ್ನು ಕಳಿಸಿ ಎರಡು ದಿನ ಹಿಂಡು ಮೇಯಿಸುತ್ತಾನೆ. ಡನ್ಸನ್ ಬಳಿ ದುಡ್ಡಿರಲಿಲ್ಲ.

ಐದನೇ ದಿನ: ಕೊಂಬಿನ ದನ, ಚಿಸಮ್ ಸಮಾಧಿ

ಇವತ್ತು 81 ಬಿಟ್ಟು ಪಶ್ಚಿಮಕ್ಕೆ ಲಾಟನ್ ಮೂಲಕ ವಿಚಿತಾ ಬೆಟ್ಟಗಳ ವನ್ಯಧಾಮಕ್ಕೆ. ಪ್ರವೇಶ ಉಚಿತ. ರಸ್ತೆಯ ಮೇಲೇ ಕಾಡೆಮ್ಮೆಯಂಥ ಬೈಸನ್‌ಗಳು ಅಡ್ಡ ನಿಂತಿರುತ್ತವೆ; ಹಾರನ್ ಮಾಡದೆ ಕಾಯಿರಿ, ಕಾರಿನಿಂದ ಇಳಿಯಬೇಡಿ. ಇಲ್ಲಿಗೆ ಬರುವ ಕಾರಣ ಉದ್ದಕೊಂಬಿನ ದನ. ತಳಿ ಅಳಿಯುವ ಹಂತ ಮುಟ್ಟಿದಾಗ 1927ರಲ್ಲಿ ಸರಕಾರ 3,000 ಡಾಲರ್ ಕೊಟ್ಟು, ಟೆಕ್ಸಸ್ ತುಂಬ ಹುಡುಕಿಸಿ, ಇಪ್ಪತ್ತು ಚಿಲ್ಲರೆ ಶುದ್ಧ ದನಗಳನ್ನು ಇಲ್ಲಿ ತಂದು ಬಿಟ್ಟಿತು. 1946ರಲ್ಲೂ ಉದ್ದಕೊಂಬಿನವು ಸಿಗುತ್ತಿದ್ದುದು ಅಷ್ಟಕ್ಕಷ್ಟೆ. ಅದಕ್ಕೇ ಚಿತ್ರದ ಹಿಂಡಿನಲ್ಲಿ ಹೆಚ್ಚಿನವು ಬಿಳಿ ಮುಖದ ಹಿಯರ್‌ಫರ್ಡ್ ಮಿಶ್ರತಳಿ; ನಿಜವಾದ ಉದ್ದಕೊಂಬಿನವನ್ನು ಕ್ಯಾಮೆರಾದ ಮುಂದೆ ನಡೆಸಿದ್ದಾರೆ. ಹಿನ್ನೆಲೆಯಲ್ಲಿ ಬಿಳಿ ಮುಖ ಕಂಡರೆ 1865ರ ಭ್ರಮೆ ಹರಿಯುತ್ತದೆ.

ದಾರಿಯ ಆಚೀಚೆ ಬೇಲಿಯೊಳಗೆ ಗೂನಿನ, ಜೋಲುಗೊರಳಿನ ಬೂದು ದನ ಕಂಡರೆ ಬೆರಗಾಗಬೇಡಿ. ಅಮೆರಿಕದ ‘ಬ್ರಾಹ್ಮನ್’ ತಳಿ ರೂಪುಗೊಂಡದ್ದು ಭಾರತದಿಂದ ಹೋದ ಓಂಗೋಲ್, ಗಿರ್, ಗುಜರಾತಿನ ಕಾಂಕ್ರೇಜ್ ಮತ್ತು ನಮ್ಮ ಕೃಷ್ಣಾ ಕಣಿವೆಯ ಹೋರಿಗಳಿಂದ. ವಿಜಯಪುರ, ಬಾಗಲಕೋಟೆ ಕಡೆಯ ಎರೆನೆಲದಲ್ಲಿ ದುಡಿದ ತಳಿಯ ರಕ್ತ ಟೆಕ್ಸಸ್ ಬಿಸಿಲಿಗೆ ಒಗ್ಗಿತು. ರಕ್ತ ಹೀರುವ ಉಣ್ಣೆ ಹುಳುವಿನ ಕಾಟ ತಡೆದುಕೊಳ್ಳುವ ಅದರ ಚರ್ಮವೇ ಅದರ ಬೆಲೆ. ಡನ್ಸನ್ ದಾರಿ ತಪ್ಪಿದ್ದರ ಹಿಂದೆ ಇರುವುದೂ ಅದೇ ಉಣ್ಣೆ.

1866ರಲ್ಲಿ ಟೆಕ್ಸಸ್‌ನಿಂದ ಮಿಸೌರಿ ಕಡೆ ಹೋದ ಹಿಂಡುಗಳನ್ನು ಅಲ್ಲಿನ ರೈತರು ಕೋವಿ ಹಿಡಿದು ಗಡಿಯಲ್ಲೇ ತಡೆದರು. ಟೆಕ್ಸಸ್ ದನ ಹಾದುಹೋದ ಹುಲ್ಲು ಮೇಯ್ದ ಊರ ದನ ಜ್ವರ ಬಂದು ಸಾಯುತ್ತಿತ್ತು. ರೋಗ ಹೊತ್ತು ತಂದ ಟೆಕ್ಸಸ್ ದನಕ್ಕೆ ಏನೂ ಆಗುತ್ತಿರಲಿಲ್ಲ. ಕಾರಣ ಉಣ್ಣೆ ಎಂದು ವಿಜ್ಞಾನಿಗಳಾದ ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ತೋರಿಸಿಕೊಟ್ಟದ್ದು 1893ರಲ್ಲಿ. ಚಿತ್ರ ಮಿಸೌರಿ ಗಡಿಯ ಕಳ್ಳರ ಗುಂಪುಗಳನ್ನಷ್ಟೇ ಹೇಳುತ್ತದೆ. ಕಳ್ಳರೂ ಇದ್ದರು, ಆದರೆ ಡನ್ಸನ್ ಬಂದೂಕಿನಿಂದ ಗೆಲ್ಲಲಾಗದ ಎದುರಾಳಿ ತನ್ನ ಹಸು ಸತ್ತ ರೈತ. ಮಿಸೌರಿ ಹಟ ಎಷ್ಟು ವ್ಯರ್ಥವಾಗಿತ್ತು ಎಂಬುದನ್ನು ಚಿತ್ರ ಪೂರ್ತಿ ಹೇಳುವುದೇ ಇಲ್ಲ.

ಮಧ್ಯಾಹ್ನ ಗೇರಿ ಊರಿನ ಹೊರಗೆ, ಹೊಲಗಳ ನಡುವೆ ಜೆಸ್ಸಿ ಚಿಸಮ್ ಸಮಾಧಿ. ಮಣ್ಣುರಸ್ತೆ, ಮಳೆ ಬಂದ ಮರುದಿನ ಕೆಂಪು ಜೇಡಿಯಲ್ಲಿ ಸಣ್ಣ ಕಾರು ಜಾರುತ್ತದೆ. ತಾಯಿಯ ಕಡೆಯಿಂದ ಚೆರೋಕಿ ಬುಡಕಟ್ಟಿನವನಾದ ಈ ವ್ಯಾಪಾರಿ ದನ ಹೊಡೆದವನಲ್ಲ. ಸಾಮಾನು ಬಂಡಿಗಳಿಗಾಗಿ ಅವನು ಮಾಡಿಕೊಂಡ ದಾರಿಗೆ ದನದವರು ಅವನ ಹೆಸರಿಟ್ಟರು. ಹಿಂಡುಗಳು ಶುರುವಾದ ಮರುವರ್ಷ, 1868ರಲ್ಲಿ ತೀರಿಕೊಂಡ. ಅವನ ಮನೆಯಿಂದ ಹಸಿದು, ಚಳಿಯಲ್ಲಿ ನಡುಗುತ್ತಾ ಹೋದವರಿಲ್ಲ ಎಂದು ಕಲ್ಲಿನ ಮೇಲೆ ಬರೆದಿದೆ. ಕಿಂಗ್‌ಫಿಶರ್ ಮೂಲಕ ಮತ್ತೆ 81 ಸೇರಿ ರಾತ್ರಿಗೆ ಈನಿಡ್. ಇಡೀ ದಿನ ಮುನ್ನೂರು ಕಿಲೋಮೀಟರ್ ಓಡಾಟ. ಸಣ್ಣ ಮ್ಯೂಸಿಯಂಗಳು ಭಾನುವಾರ, ಸೋಮವಾರ ಮುಚ್ಚಿರುವುದುಂಟು. ಈ ದಿನ ವಾರದ ನಡುವೆ ಬೀಳುವಂತೆ ಟಿಕೆಟ್ ಮಾಡಿ.

ಆರನೇ ದಿನ: ಗಡಿ ದಾಟಿ ವಿಚಿತಾ

ಈನಿಡ್‌ನಿಂದ ಕಾಲ್ಡ್‌ವೆಲ್‌ಗೆ ಸುಮಾರು 90 ಕಿಲೋಮೀಟರ್, ಗೋಧಿ ಹೊಲ ಬಿಟ್ಟರೆ ಬೇರೇನಿಲ್ಲ. ಕ್ಯಾನ್ಸಸ್‌ಗೆ ಕಾಲಿಡುವಲ್ಲಿ ದಿಬ್ಬದ ಮೇಲೆ ಕಬ್ಬಿಣದ ತಗಡಿನಲ್ಲಿ ಕತ್ತರಿಸಿದ ದನ, ಸವಾರರ ಆಕೃತಿಗಳ ಸಾಲು. ಸಂಜೆ ಬಿಸಿಲಿಗೆ ಚಂದ, ಮಧ್ಯಾಹ್ನ ಬರೀ ತಗಡು. ವಿಚಿತಾದಲ್ಲಿ ಅರ್ಕಾನ್ಸಾ ನದಿ. ಓಲ್ಡ್ ಕೌಟೌನ್ ಎಂಬ ಬಯಲು ಮ್ಯೂಸಿಯಂನಲ್ಲಿ 1870ರ ದಶಕದ ಕಟ್ಟಡಗಳಿವೆ, ಮಕ್ಕಳಿದ್ದರೆ ಹೋಗಿ. ಇಲ್ಲೇ ಉಳಿದುಕೊಳ್ಳಿ.

ಏಳನೇ ದಿನ: ಆಬಿಲೀನ್

ವಿಚಿತಾದಿಂದ ನ್ಯೂಟನ್, ಅಲ್ಲಿಂದ ರಾಜ್ಯ ಹೆದ್ದಾರಿ 15 ನೇರ ಉತ್ತರಕ್ಕೆ. ಒಟ್ಟು 150 ಕಿಲೋಮೀಟರ್. ಕೆಲವು ದಿಬ್ಬಗಳ ಮೇಲಿಂದ ಧಾನ್ಯದ ಎತ್ತರದ ಗೋಪುರಗಳು ಊರಿಗಿಂತ ಮೊದಲು ಕಾಣುತ್ತವೆ.

ಚಿತ್ರದಲ್ಲಿ ಮ್ಯಾಟ್‌ನ ಹಿಂಡು 1865ರಲ್ಲೇ ಆಬಿಲೀನ್ ಸೇರುತ್ತದೆ, ರೈಲು ಕಾದು ನಿಂತಿರುತ್ತದೆ. ನಿಜದಲ್ಲಿ ರೈಲು ಇಲ್ಲಿಗೆ ಮುಟ್ಟಿದ್ದು 1867ರಲ್ಲಿ. ಆಗ ಇದು ಕೆಲವೇ ಮರದ ಗುಡಿಸಿಲುಗಳ ಊರು. ಜೋಸೆಫ್ ಮೆಕಾಯ್ ಎಂಬ ಇಲಿನಾಯ್ ದನದ ವ್ಯಾಪಾರಿ ಜಾಗ ಕೊಂಡು, ದೊಡ್ಡಿಗಳು, ತೂಕದ ಕಟ್ಟೆ, ಡ್ರೋವರ್ಸ್ ಕಾಟೇಜ್ ಎಂಬ ಹೋಟೆಲು ಕಟ್ಟಿಸಿ, ದಕ್ಷಿಣಕ್ಕೆ ಆಳು ಕಳಿಸಿ ಹಿಂಡುಗಳನ್ನು ಕರೆತರಿಸಿದ. 1867ರ ಸೆಪ್ಟೆಂಬರ್ 5ರಂದು 20 ಡಬ್ಬಿಗಳ ಮೊದಲ ದನದ ರೈಲು ಶಿಕಾಗೊ ಕಡೆಗೆ ಹೊರಟಿತು. ಆ ವರ್ಷ ಬಂದದ್ದು ಸುಮಾರು 35,000 ದನ. ಚಿತ್ರದಲ್ಲಿ ಹ್ಯಾರಿ ಕ್ಯಾರಿ ಮಾಡಿದ ಮೆಲ್ವಿಲ್ ಪಾತ್ರದ ಹಿಂದೆ ಮೆಕಾಯ್‌ನ ನೆರಳಿದೆ. ಮುಖ್ಯ ಸಂಗತಿ ಇದು: ಉಣ್ಣೆ ಜ್ವರಕ್ಕೆ ಹೆದರಿ ಕ್ಯಾನ್ಸಸ್ ಹಾಕಿದ್ದ ಕಾನೂನಿನ ಗೆರೆಯ ಪ್ರಕಾರ ಆಬಿಲೀನ್‌ಗೂ ಟೆಕ್ಸಸ್ ದನ ಬರುವಂತಿರಲಿಲ್ಲ. ಸರಕಾರ ಕಣ್ಣು ಮುಚ್ಚಿಕೊಂಡಿತು. ಮ್ಯಾಟ್ ಗೆದ್ದದ್ದು ಒಳ್ಳೆಯತನದಿಂದ ಎಂದು ಚಿತ್ರ ನಂಬಿಸುತ್ತದೆ. ಅವನಿಗೆ ದಕ್ಕಿದ್ದು ಬೇಲಿ ಸಡಿಲವಿದ್ದ ಒಂದು ಊರು.

ಓಲ್ಡ್ ಆಬಿಲೀನ್ ಟೌನ್ ಎಂಬುದು ಹಳೆಯದರ ನಕಲು, ಅರ್ಧ ಗಂಟೆ ಸಾಕು. ಪಕ್ಕದಿಂದ ಹೊರಡುವ ಪ್ರವಾಸಿ ರೈಲಿಗೆ ಕೆಲವು ದಿನ 1919ರ ಉಗಿ ಎಂಜಿನ್ ಹೂಡುತ್ತಾರೆ. ಉಗಿ ಎಂಜಿನ್ ಓಡುವ ದಿನ ಮೊದಲೇ ವಿಚಾರಿಸಿ. ಉದ್ಯಾನದಲ್ಲಿ ಆರು ಮೀಟರ್ ಅಗಲದ ದೈತ್ಯ ಬೆಲ್ಟ್ ಬಕಲ್ ನಿಲ್ಲಿಸಿದ್ದಾರೆ. ಚಿತ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ‘ರೆಡ್ ರಿವರ್ ಡಿ’ ಮುದ್ರೆಯ ಬೆಳ್ಳಿ ಬಕಲ್‌ಗಳನ್ನು ಹಾಕ್ಸ್ ಮಾಡಿಸಿದ್ದು, ಜಾನ್ ವೇನ್ ಅದನ್ನು ಮುಂದಿನ ಎಷ್ಟೋ ಚಿತ್ರಗಳಲ್ಲಿ ಸೊಂಟಕ್ಕೆ ಕಟ್ಟಿಕೊಂಡದ್ದು ಗೊತ್ತಿದ್ದವರು ಅಲ್ಲಿ ಒಂದು ಫೋಟೊ ತೆಗೆಸಿಕೊಳ್ಳದೆ ಬರುವುದಿಲ್ಲ. ಮುಂದೆ ಅಮೆರಿಕದ ಅಧ್ಯಕ್ಷರಾದ ಐಸೆನ್‌ಹೋವರ್ ಬೆಳೆದ ಮನೆ, ಗ್ರಂಥಾಲಯ ಇರುವುದೂ ಇದೇ ಊರಿನಲ್ಲಿ.

ದನದ ಕಾಲ ಇಲ್ಲಿ ಐದೇ ವರ್ಷ. ಬೇಸಾಯಗಾರರು ಹೆಚ್ಚಿದರು, ಬೆಳೆ ತುಳಿತ ಮತ್ತು ಜ್ವರ ಸಾಕಾಯಿತು. 1872ರ ಆರಂಭದಲ್ಲಿ ಊರವರು ಟೆಕ್ಸಸ್‌ನ ದನದವರಿಗೆ ಬಹಿರಂಗ ಪತ್ರ ಬರೆದು, ಇನ್ನು ಈ ಕಡೆ ಬರಬೇಡಿ, ಬೇರೆ ಊರು ನೋಡಿಕೊಳ್ಳಿ ಎಂದರು. ಹಿಂಡುಗಳು ವಿಚಿತಾಕ್ಕೆ, ಎಲ್ಸ್‌ವರ್ತ್‌ಗೆ ತಿರುಗಿದವು. 1874ರಲ್ಲಿ ಇಲಿನಾಯ್ ರೈತ ಗ್ಲಿಡನ್‌ಗೆ ಮುಳ್ಳುತಂತಿಯ ಪೇಟೆಂಟ್ ಸಿಕ್ಕಿತು. ಮುಂದಿನ ಹತ್ತು ವರ್ಷದಲ್ಲಿ ಬಯಲಿಗೆ ಬೇಲಿ ಬಿತ್ತು, ಟೆಕ್ಸಸ್‌ಗೇ ರೈಲು ಹೋಯಿತು.

ವಾಪಸ್ಸಿಗೆ ವಿಚಿತಾ ವಿಮಾನ ನಿಲ್ದಾಣ ಹತ್ತಿರ. ಅಂತರರಾಷ್ಟ್ರೀಯ ವಿಮಾನಕ್ಕೆ ಕೊಂಡಿ ಬೇಕಿದ್ದರೆ ಐ–70ರಲ್ಲಿ ಪೂರ್ವಕ್ಕೆ ಎರಡೂವರೆ ಮೂರು ಗಂಟೆ ಓಡಿಸಿ ಕ್ಯಾನ್ಸಸ್ ಸಿಟಿ. ಒಂದು ಊರಲ್ಲಿ ಪಡೆದ ಕಾರನ್ನು ಇನ್ನೊಂದರಲ್ಲಿ ಬಿಟ್ಟರೆ ಪ್ರತ್ಯೇಕ ಶುಲ್ಕ ಬೀಳುತ್ತದೆ, ಕೆಲವೊಮ್ಮೆ ಬಾಡಿಗೆಯಷ್ಟೇ. ಫೋರ್ಟ್ ವರ್ತ್‌ನಲ್ಲಿ ಕಾರು ಗೊತ್ತುಮಾಡುವಾಗಲೇ ಅದನ್ನು ಸೇರಿಸಿದ ಮೊತ್ತ ಬರೆಸಿಕೊಳ್ಳಿ.